ಆಹಾರ ಕೋಷ್ಟಕಗಳ ಪಾಠಪರಿಶೋಧನೆ

ಒಂದೇ ಮಾತೃಕೆಯಿಂದ ಇಳಿದ ಎರಡು ಓಲೆಪ್ರತಿಗಳು ಪರಸ್ಪರ ಒಪ್ಪಿದ ಮಾತ್ರಕ್ಕೆ ಪಾಠವು ಶುದ್ಧವೆನಿಸದು. ಪ್ರತಿಗಳು ಎರಡಾದರೂ ಸಾಕ್ಷಿ ಒಂದೇ. ಗ್ರಂಥಸಂಪಾದಕರಿಗೆ ಸುಪರಿಚಿತವಾದ ಈ ನಿಯಮವು, ಆಹಾರಕ್ಕೂ ರೋಗಕ್ಕೂ ಇರುವ ಸಂಬಂಧವನ್ನು ಅರಸುವ ಶಾಸ್ತ್ರಜ್ಞರ ಪೋಷಕಾಂಶ ಕೋಷ್ಟಕಗಳಿಗೂ ಅನ್ವಯಿಸುತ್ತದೆ.

ನಮ್ಮ ದೇಶದ ಕೋಷ್ಟಕಗಳಿಗೆ ದೀರ್ಘವಾದ ಪರಂಪರೆಯುಂಟು. ಕೂನೂರಿನ ಸಂಶೋಧನಾಲಯದಿಂದ ಆಯ್ಕ್‌ರಾಯ್ಡ್ ಅವರು 1937ರಲ್ಲಿ ಹೊರತಂದ ಪುಸ್ತಿಕೆ, ಗೋಪಾಲನ್ ಮೊದಲಾದವರ 1971ರ ಗ್ರಂಥ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕ, ಇವು ಅದರ ಮುಖ್ಯ ಘಟ್ಟಗಳು. ದೇಶವನ್ನು ಆರು ವಲಯಗಳಾಗಿ ವಿಂಗಡಿಸಿ ಮಾದರಿಗಳನ್ನು ತರಿಸಿ, 528 ಆಹಾರಗಳನ್ನು ಹೊಸದಾಗಿ ವಿಶ್ಲೇಷಿಸಿದ ಕಡೆಯ ಪ್ರಯತ್ನವು ನಿಸ್ಸಂದೇಹವಾಗಿ ಸ್ತುತ್ಯರ್ಹವಾದುದು.

ಆದರೆ ಹಳೆಯ ಪಾಠವನ್ನೂ ಹೊಸ ಪಾಠವನ್ನೂ ಜತೆಗಿಟ್ಟು ಓದುವವರು ಎಚ್ಚರದಿಂದಿರಬೇಕು. ನೂರು ಗ್ರಾಂ ರಾಗಿಯಲ್ಲಿ 1971ರ ಗ್ರಂಥವು 344 ಮಿಲಿಗ್ರಾಂ ಕ್ಯಾಲ್ಸಿಯಂ ಹೇಳಿದರೆ, 2017ರದು 364 ಹೇಳುತ್ತದೆ. ಇದು ಅಲ್ಪ ಭೇದ. ನಾರಾದರೋ 3.6 ಗ್ರಾಮಿನಿಂದ 11.2 ಗ್ರಾಮಿಗೆ ಏರಿದೆ. ಇಲ್ಲಿ ರಾಗಿ ಬದಲಾಗಲಿಲ್ಲ. ಪದದ ಅರ್ಥ ಬದಲಾಯಿತು. ಆಮ್ಲಕ್ಷಾರಗಳಲ್ಲಿ ಕುದಿಸಿದ ಮೇಲೆ ಉಳಿದುದನ್ನು ಹಿಂದಿನವರು ನಾರೆಂದರು; ಮನುಷ್ಯನ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಉಳಿಯುವ ಅಂಶವನ್ನೆಲ್ಲ ಈಚಿನವರು ನಾರೆನ್ನುತ್ತಾರೆ. ಈ ಎರಡನ್ನೂ ಬೆರೆಸಿ ಮಧುಮೇಹದ ವಿಷಯದಲ್ಲಿ ತೀರ್ಮಾನ ಮಾಡುವವನು ಶ್ಲೇಷೆಯನ್ನೇ ಪ್ರಮಾಣವೆಂದು ಭ್ರಮಿಸಿದವನಾಗುತ್ತಾನೆ.

ಎರಡನೆಯ ತೊಡಕು ಅಡಿಗೆಮನೆಯದು. ಕೋಷ್ಟಕದಲ್ಲಿರುವವು ಬಹುತೇಕ ಬೇಯಿಸದ ಪದಾರ್ಥಗಳು; ಜನರು ಉಣ್ಣುವುದು ಮುದ್ದೆ, ಸಾರು, ಹುಳಿ. 1940ರಲ್ಲಿ ಸ್ಥಾಪಿತವಾದ ವಿಮಾನ ಕಾರ್ಖಾನೆಯ ಸುತ್ತ ಬೆಳೆದ ಬೆಂಗಳೂರಿನ ವಿಮಾನಪುರವನ್ನೇ ನೋಡಬಹುದು. ನಾನಾ ಭಾಷೆಯವರು ನೆರೆಹೊರೆಯಾಗಿರುವ ಅಂಥ ಬಡಾವಣೆಯಲ್ಲಿ ‘ಸಾರು’ ಎಂಬ ಒಂದೇ ಹೆಸರು ಒಂದು ಮನೆಯಲ್ಲಿ ತಿಳಿಯನ್ನೂ ಇನ್ನೊಂದರಲ್ಲಿ ಬೇಳೆ ಸೊಪ್ಪುಗಳ ಗಟ್ಟಿಯನ್ನೂ ಸೂಚಿಸಬಹುದು. ನೀರೆಷ್ಟು, ಎಣ್ಣೆಯೆಷ್ಟು, ಬೇಯುವಾಗ ನಷ್ಟವಾದುದೆಷ್ಟು ಎಂಬುದನ್ನು ನಿರ್ಣಯಿಸದೆ ಬರೆದ ಅಂಕಿಯು ಊಹೆಯೇ ಹೊರತು ಪ್ರಮಾಣವಲ್ಲ. ಇದೇ ನಗರದ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ‘ಪ್ಯೂರ್’ ಎಂಬ ಬಹುರಾಷ್ಟ್ರೀಯ ಅಧ್ಯಯನದ ಪೂರ್ವಪರೀಕ್ಷೆಗಾಗಿ ದಕ್ಷಿಣ ಭಾರತಕ್ಕೆ ತಕ್ಕ ಆಹಾರ ಪ್ರಶ್ನಾವಳಿಗಳನ್ನೂ ಪೋಷಕಾಂಶ ಕೋಶವನ್ನೂ ರಚಿಸಿ, ಅದರ ಕ್ರಮವನ್ನು 2008ರಲ್ಲಿ ಪ್ರಕಟಿಸಿದುದರ ಬೆಲೆ ಇಲ್ಲಿ ತಿಳಿಯುತ್ತದೆ.

ಇನ್ನು ಪ್ರಾಮಾಣ್ಯದ ಪ್ರಶ್ನೆ. ವರ್ಷದ ಊಟವನ್ನು ಕೇಳುವ ಪ್ರಶ್ನಾವಳಿಯನ್ನು, ಹಿಂದಿನ ದಿನದ ಊಟವನ್ನು ಹೇಳಿಸಿ ಬರೆದುಕೊಂಡ ದಾಖಲೆಯೊಡನೆ ಹೋಲಿಸುವುದು ರೂಢಿಯಾಗಿದೆ. ಎರಡೂ ಹೊಂದಿದರೆ ಪ್ರಶ್ನಾವಳಿಗೆ ಬಲ ಬರುವುದು ನಿಜ. ಆದರೆ ಎರಡನ್ನೂ ಅಂಕಿಗಳಾಗಿ ಪರಿವರ್ತಿಸುವುದು ಒಂದೇ ಕೋಷ್ಟಕವಾದುದರಿಂದ, ಕೋಷ್ಟಕದ ದೋಷವು ಎರಡರಲ್ಲಿಯೂ ಸಮನಾಗಿ ಅಡಗಿರುತ್ತದೆ. ಸಾವಿರ ಜನರ ಬದಲು ಲಕ್ಷ ಜನರನ್ನು ಕೇಳಿದರೂ ಅದು ಕರಗದು. ಸ್ವತಂತ್ರ ಸಾಕ್ಷಿಯು ದೇಹದಿಂದಲೇ ಬರಬೇಕು: ಇಪ್ಪತ್ತುನಾಲ್ಕು ಗಂಟೆಗಳ ಮೂತ್ರದಲ್ಲಿರುವ ಸಾರಜನಕವು ಪ್ರೋಟೀನಿಗೂ, ಸೋಡಿಯಂ ಉಪ್ಪಿಗೂ ಕೋಷ್ಟಕವನ್ನು ಆಶ್ರಯಿಸದೆ ಸಾಕ್ಷ್ಯ ನುಡಿಯುತ್ತವೆ. ನಾರಿಗೆ ಅಂಥ ನಂಬಲರ್ಹ ಸಾಕ್ಷಿಯಿಲ್ಲ. ಆದಕಾರಣ ಮನೆಗಳಿಂದ ಮುದ್ದೆಯನ್ನೂ ಸಾರನ್ನೂ ತಂದು ಪ್ರಯೋಗಶಾಲೆಯಲ್ಲಿ ವಿಶ್ಲೇಷಿಸದೆ ಗತ್ಯಂತರವಿಲ್ಲ.

ಕೋಷ್ಟಕದ ಅಂಕಿಯೂ ಒಂದು ಪಾಠವೇ. ಅದು ಯಾವ ಮಾದರಿಯಿಂದ, ಯಾವ ವಿಧಾನದಿಂದ, ಯಾವ ಅರ್ಥದಲ್ಲಿ ಬಂದಿತೆಂಬ ಟಿಪ್ಪಣಿಯಿಲ್ಲದೆ ಅದನ್ನು ಅಂಗೀಕರಿಸುವುದು ವಿಮರ್ಶೆಯಾಗದು. ಅದರ ಮೇಲೆ ರೋಗಿಗೆ ಪಥ್ಯ ಹೇಳುವುದಂತೂ ಸಾಹಸವೇ ಸರಿ.