ಅಜ್ಜನ ಹೆಸರಲ್ಲಿ ಒಂದು ಬ್ಲೇಡು

ಈಗ ರೇಜರ್ ಮಾರುವವರೆಲ್ಲ ಅಜ್ಜನನ್ನು ಮಾರ್ತಿದ್ದಾರೆ. ಇನ್‌ಸ್ಟಾಗ್ರಾಮ್ ತೆರೆದರೆ ಸಾಕು, ಮರದ ಪೆಟ್ಟಿಗೆ, ಒಳಗೆ ಮಿರಮಿರ ಮಿಂಚುವ ಸ್ಟೀಲ್ ರೇಜರ್, ಒಂದು ಬ್ರಷ್ಷು, ಒಂದು ಬಟ್ಟಲು, ದುಂಡನೆ ಡಬ್ಬಿಯಲ್ಲಿ ಸೋಪು. ಕೆಳಗೆ, ನಿಮ್ಮ ಅಜ್ಜನ ಹಾಗೆ ಶೇವ್ ಮಾಡಿ ಅನ್ನೋ ಧಾಟಿಯ ಒಂದು ಸಾಲು. ಹಿನ್ನೆಲೆಯಲ್ಲಿ ನಿಧಾನದ ಪಿಯಾನೊ. ಬೆಲೆ ಸಾವಿರಗಳಲ್ಲಿ. ನನ್ನ ತಕರಾರು ಬೆಲೆಯ ಬಗ್ಗೆ ಅಷ್ಟಿಲ್ಲ. ದುಡಿಯುವವರು ಖರ್ಚು ಮಾಡ್ತಾರೆ, ಮಾಡಲಿ. ತಕರಾರು ಆ ಅಜ್ಜನ ಬಗ್ಗೆ. ನಿಧಾನ, ಧ್ಯಾನ, ಪರಂಪರೆ ಅಂತೆಲ್ಲ ಈ ರೇಜರನ್ನು ಹೊಗಳುವವರು ಅದರಲ್ಲಿಲ್ಲದ ಗುಣವನ್ನು ಹೊಗಳ್ತಿದ್ದಾರೆ. ಇರುವ ಗುಣದ ಕಡೆ ಯಾರೂ ತಿರುಗಿ ನೋಡ್ತಿಲ್ಲ.

ಮೊದಲು ಪರಂಪರೆಯ ಮಾತು. ಸೇಫ್ಟಿ ರೇಜರ್ ಬರುವ ಮುಂಚೆ ಗಡ್ಡ ಬೋಳಿಸೋಕೆ ಇದ್ದದ್ದು ಉದ್ದನೆಯ ಕತ್ತಿ. ಅದನ್ನು ಕಲ್ಲಿಗೆ ಮಸೆಯಬೇಕು, ಚರ್ಮದ ಪಟ್ಟಿಗೆ ತೀಡಬೇಕು, ಕೈ ನಡುಗಬಾರದು. ಅದು ಬರದವರು ಕ್ಷೌರಿಕರ ಮುಂದೆ ಹೋಗಿ ಕೂರಬೇಕು. ಈ ಎರಡೂ ರಗಳೆ ತಪ್ಪಿಸಲು ಹೊರಟವನು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್. ಬಾಟಲಿ ಮುಚ್ಚಳ ಮಾಡುವ ಕಂಪನಿಯಲ್ಲಿ ಸೇಲ್ಸ್‌ಮನ್ ಆಗಿದ್ದವನು. ಒಮ್ಮೆ ಬಳಸಿ ಎಸೆಯುವಂಥದ್ದೇನಾದರೂ ಯೋಚಿಸು, ಗಿರಾಕಿ ತಾನಾಗಿಯೇ ವಾಪಸ್ ಬರ್ತಾನೆ ಅಂತ ಆ ಮುಚ್ಚಳ ಕಂಡುಹಿಡಿದ ವಿಲಿಯಂ ಪೇಂಟರ್ ಇವನಿಗೆ ಹೇಳಿದ್ದನಂತೆ. ಕಾಗದದಷ್ಟು ತೆಳು ಉಕ್ಕಿಗೆ ಹದ ಕೊಟ್ಟು ಅಂಚು ಹರಿತ ಮಾಡುವ ಕಷ್ಟದ ಕೆಲಸವನ್ನು ಸಾಧಿಸಿದ್ದು ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್. 1903ರಲ್ಲಿ ಮಾರಾಟವಾದದ್ದು 51 ರೇಜರ್, 168 ಬ್ಲೇಡು, ಅಷ್ಟೇ. 1904ರ ನವೆಂಬರಿನಲ್ಲಿ ಪೇಟೆಂಟ್ ಸಿಕ್ಕಿತು. ಆ ಒಂದು ವರ್ಷದಲ್ಲಿ ರೇಜರ್ ಮಾರಾಟ ತೊಂಬತ್ತು ಸಾವಿರ ಮುಟ್ಟಿತು. ಮಸೆಯಬೇಕಿಲ್ಲ, ತೀಡಬೇಕಿಲ್ಲ ಅನ್ನೋದೇ ಅದರ ಜಾಹೀರಾತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸರ್ಕಾರ ಸೈನಿಕರಿಗಾಗಿ ಸುಮಾರು 35 ಲಕ್ಷ ರೇಜರ್ ಕೊಂಡಿತು.

ಅಂದರೆ ಇದು ಪರಂಪರೆಯನ್ನು ಮುರಿದ ವಸ್ತು. ಕತ್ತಿ ಮಸೆಯುವ ಕೈಚಳಕ ಮನೆಗಳಿಂದ ಮಾಯವಾಗಿದ್ದು ಇದರಿಂದ. ಇವತ್ತು ನಾವು ಬೈಯುವ ಯೂಸ್ ಅಂಡ್ ಥ್ರೋ ಸಂಸ್ಕೃತಿಗೆ ಮುತ್ತಾತ ಅಂತ ಯಾರನ್ನಾದರೂ ಕರೆಯೋದಾದರೆ ಈ ಬ್ಲೇಡನ್ನೇ ಕರೆಯಬೇಕು. ಆಫೀಸಿಗೆ ಲೇಟಾಗ್ತಿದೆ ಅಂತ ಓಡುವವನಿಗಾಗಿ ಹುಟ್ಟಿದ ಸಾಮಾನನ್ನು ಧ್ಯಾನದ ಉಪಕರಣ ಅಂತ ಮಾರೋದು, ಪ್ರೆಶರ್ ಕುಕ್ಕರನ್ನು ಸೌದೆ ಒಲೆಯ ನೆನಪಿಗೆ ಮಾರಿದ ಹಾಗೆ.

ಹಾಗಾದರೆ ಇದರಲ್ಲಿ ಒಳ್ಳೇದೇನೂ ಇಲ್ವಾ? ಇದೆ, ಮತ್ತು ಅದು ಸಣ್ಣದಲ್ಲ. ಅದು ಕಾಣಬೇಕಾದರೆ ಬ್ಲೇಡನ್ನು ಕೈಯಲ್ಲಿ ಹಿಡಿದು ನೋಡಬೇಕು. ಸುಮಾರು 43 ಮಿಲಿಮೀಟರ್ ಉದ್ದ, 22 ಮಿಲಿಮೀಟರ್ ಅಗಲ, ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ದಪ್ಪ. ನಡುವೆ ಉದ್ದಕ್ಕೆ ಒಂದು ಸೀಳು. ಮೂಲ ಜಿಲೆಟ್ ಬ್ಲೇಡಿನಲ್ಲಿ ಈ ಸೀಳು ಇರಲಿಲ್ಲ, ಮೂರು ತೂತುಗಳಿದ್ದವು. ಸೀಳು ಬಂದದ್ದು ಒಂದು ಜಗಳದಿಂದ.

ಹಿಡಿಕೆ ಪುಕ್ಕಟೆ ಕೊಟ್ಟು ಬ್ಲೇಡಿನಲ್ಲಿ ದುಡ್ಡು ಮಾಡೋದು ಜಿಲೆಟ್ ಕಂಡುಹಿಡಿದ ಉಪಾಯ ಅಂತ ಎಂಬಿಎ ಕ್ಲಾಸಿನಲ್ಲಿ ಹೇಳ್ತಾರಲ್ಲ, ಅದು ಇತಿಹಾಸಕ್ಕೆ ಹೊಂದಲ್ಲ. ಪೇಟೆಂಟ್ ಕೈಯಲ್ಲಿದ್ದಷ್ಟು ಕಾಲ ಜಿಲೆಟ್ ಒಂದು ಸೆಟ್ಟಿಗೆ 5 ಡಾಲರ್ ತಗೊಂಡ. ಆಗಿನ ಲೆಕ್ಕದಲ್ಲಿ ಅದು ದೊಡ್ಡ ದುಡ್ಡು. ಮೂಲ ಪೇಟೆಂಟ್ ಮುಗಿದದ್ದು 1921ರಲ್ಲಿ. ಆಮೇಲೆ ಹಿಡಿಕೆ ಅಗ್ಗವಾಯಿತು, ಯಾರು ಬೇಕಾದರೂ ಬ್ಲೇಡ್ ಮಾಡಬಹುದಾಯಿತು. ಹೆನ್ರಿ ಗೈಸ್ಮನ್ ಎಂಬ ಪ್ರತಿಸ್ಪರ್ಧಿ ಜಿಲೆಟ್ ಹಿಡಿಕೆಗೂ ಕೂರುವಂಥ ಹೊಸ ಬ್ಲೇಡಿಗೆ ತಾನೇ ಪೇಟೆಂಟ್ ಮಾಡಿಸಿಕೊಂಡ. ಜಿಲೆಟ್ ಕಂಪನಿಯೂ 1930ರಲ್ಲಿ ಅದೇ ಬಗೆಯದ್ದನ್ನು ತಂದಾಗ ಕೋರ್ಟಿಗೆ ಹೋದ. ಕೊನೆಗೆ ಎರಡೂ ಕಂಪನಿ ಒಂದಾದವು, ಮತ್ತು ಒಂದಾದ ಕಂಪನಿಯಲ್ಲಿ ಹಿಡಿತ ಸಿಕ್ಕಿದ್ದು ಗೈಸ್ಮನ್‌ಗೆ. ಆ ಗಲಾಟೆಯಲ್ಲಿ ನೆಲೆಯಾದ ಆಕಾರವೇ ಇವತ್ತಿನ ಸೀಳಿನ ಬ್ಲೇಡು. ತಮಾಷೆ ಅಂದರೆ ಈ ಜಿಲೆಟ್ 1894ರಲ್ಲಿ 'ದಿ ಹ್ಯೂಮನ್ ಡ್ರಿಫ್ಟ್' ಅಂತ ಒಂದು ಪುಸ್ತಕ ಬರೆದಿದ್ದ. ಪೈಪೋಟಿಯೇ ಎಲ್ಲ ಕೇಡಿಗೂ ಮೂಲ, ಎಲ್ಲರೂ ನಯಾಗರಾ ಹತ್ತಿರ ಒಂದೇ ಮಹಾನಗರದಲ್ಲಿ ಬದುಕಬೇಕು, ಒಂದೇ ಸಂಸ್ಥೆ ಎಲ್ಲವನ್ನೂ ತಯಾರಿಸಬೇಕು ಅನ್ನೋ ಕನಸು ಅದು. ಅವನ ಬ್ಲೇಡು ಊರವರ ಪಾಲಿಗೆ ದಕ್ಕಿದ್ದು ಮಾತ್ರ ಅವನು ಬೈಯುತ್ತಿದ್ದ ಪೈಪೋಟಿಯಿಂದ.

ಪರಿಣಾಮ ನೋಡಿ. ಜಪಾನಿನ ಸೆಕಿ ಊರಿನ ಫೆದರ್ ಬ್ಲೇಡು ಜರ್ಮನಿಯ ಜೋಲಿಂಗೆನ್‌ನ ಮೆರ್ಕುರ್ ರೇಜರಿಗೆ ಕೂರುತ್ತೆ. ನಮ್ಮ ಬೀದಿ ಕೊನೆಯ ಅಂಗಡಿಯ ಟೋಪಾಜ್ ಅಥವಾ ಸೆವೆನ್ ಓ ಕ್ಲಾಕ್ ನೂರು ವರ್ಷ ಹಳೆಯ ಅಮೆರಿಕನ್ ಹಿಡಿಕೆಗೂ ಕೂರುತ್ತೆ, ಬಸ್ ಸ್ಟ್ಯಾಂಡಿನಲ್ಲಿ ಸಿಗುವ ಪ್ಲಾಸ್ಟಿಕ್ ಹಿಡಿಕೆಗೂ ಕೂರುತ್ತೆ. ಯಾರ ಅನುಮತಿಯೂ ಬೇಕಿಲ್ಲ. ನಮ್ಮಲ್ಲಿ ಸಾಫ್ಟ್‌ವೇರ್ ಕೆಲಸದವರು ಓಪನ್ ಸ್ಟ್ಯಾಂಡರ್ಡ್ ಅಂತ ದಿನವಿಡೀ ಮಾತಾಡ್ತಾರೆ, ಫೋನಿನ ಚಾರ್ಜರ್ ಎಲ್ಲರದ್ದೂ ಒಂದೇ ಆಗಬೇಕು ಅಂತ ವಾದ ಮಾಡ್ತಾರೆ. ಬೆಳಗ್ಗೆ ಎದ್ದು ಮಾತ್ರ ಒಂದೇ ಕಂಪನಿಯ ಕಾರ್ಟ್ರಿಜ್ ಕೂರುವ ಹಿಡಿಕೆ ಹಿಡ್ಕೊಂಡು ಕನ್ನಡಿ ಮುಂದೆ ನಿಲ್ತಾರೆ.

ಕಾರ್ಟ್ರಿಜ್ಜಿನ ಕಥೆ ಈ ಬಾಗಿಲನ್ನು ಮತ್ತೆ ಮುಚ್ಚಿದ ಕಥೆ. 1971ರಲ್ಲಿ ಎರಡು ಬ್ಲೇಡಿನ ಟ್ರ್ಯಾಕ್ ಟೂ. 1975ರಲ್ಲಿ ಅಮೆರಿಕದ 'ಸ್ಯಾಟರ್ಡೇ ನೈಟ್ ಲೈವ್' ತನ್ನ ಮೊದಲ ಕಂತಿನಲ್ಲೇ ಮೂರು ಬ್ಲೇಡಿನ ರೇಜರ್ ಬಂತು ಅಂತ ಅಣಕು ಜಾಹೀರಾತು ಮಾಡಿತು. ಜನ ನಕ್ಕರು. 1998ರಲ್ಲಿ ಮ್ಯಾಕ್ ತ್ರೀ ನಿಜವಾಗಿಯೂ ಬಂತು. 2003ರಲ್ಲಿ ಎದುರಾಳಿ ಶಿಕ್ ನಾಲ್ಕು ತಂದಿತು. 2004ರಲ್ಲಿ 'ದಿ ಆನಿಯನ್' ಐದು ಬ್ಲೇಡಿನ ಬಗ್ಗೆ ಗೇಲಿ ಬರೆಯಿತು, 2006ರಲ್ಲಿ ಫ್ಯೂಷನ್ ಐದನ್ನೂ ತಂದಿಟ್ಟಿತು. ಪ್ರತಿ ಸಲವೂ ಹೊಸ ಪೇಟೆಂಟು. ಬ್ಲೇಡು ಎಷ್ಟಿದೆ ಅಂತ ಎಣಿಸುವವರು ಅದು ಹಿಡಿಕೆಗೆ ಸಿಕ್ಕಿಕೊಳ್ಳುವ ಕೊಕ್ಕೆಯನ್ನು ನೋಡಿರಲ್ಲ. ವ್ಯಾಪಾರ ಇರೋದು ಆ ಕೊಕ್ಕೆಯಲ್ಲಿ.

ಕಾರ್ಟ್ರಿಜ್ಜಿಗೆ ಸಲ್ಲಬೇಕಾದ್ದು ಸಲ್ಲಲಿ. ತಲೆ ಓಲಾಡುತ್ತೆ, ಗಲ್ಲದ ತಿರುವಿನಲ್ಲಿ ತಾನೇ ಹೊಂದಿಕೊಳ್ಳುತ್ತೆ, ಅರೆನಿದ್ದೆಯಲ್ಲೂ ಕೊಯ್ದುಕೊಳ್ಳೋದು ಕಮ್ಮಿ. ಆದರೆ ಮುಂದಿನ ಬ್ಲೇಡು ಕೂದಲನ್ನು ಎತ್ತಿ, ಹಿಂದಿನದ್ದು ಚರ್ಮಕ್ಕಿಂತ ಕೆಳಗೆ ಕತ್ತರಿಸೋದೇ ಅದರ ಹೆಮ್ಮೆ. ಗುಂಗುರು ಗಡ್ಡದವರಿಗೆ ಕೂದಲು ಒಳಗೇ ಮುರುಟಿ ಗುಳ್ಳೆ ಏಳೋಕೆ ಅದು ದಾರಿ. ಇನ್ನೊಂದು ವಿಷಯ ಬೆಲೆಯದ್ದು. 2020ರಲ್ಲಿ ಎಂಐಟಿಯ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಕೂದಲು ಕತ್ತರಿಸಿ ನೋಡಿದರು. ಕೂದಲು ಬ್ಲೇಡಿನ ಉಕ್ಕಿಗಿಂತ ಸುಮಾರು ಐವತ್ತು ಪಟ್ಟು ಮೆತ್ತಗೆ. ಆದರೂ ಒಂದೇ ಕೂದಲು, ಬಿದ್ದ ಕೋನ ಸರಿಯಾಗಿ ಕೂಡಿಬಂದರೆ, ಅಂಚಿನಿಂದ ಚೂರು ಎಗರಿಸುತ್ತೆ. ಬ್ಲೇಡು ಮೆಲ್ಲಗೆ ಸವೆಯುತ್ತೆ ಅಂದುಕೊಂಡಿದ್ದೆವು, ಅದು ಹಲ್ಲು ಮುರಿದುಕೊಳ್ಳುತ್ತಂತೆ. ಹಾಗಿದ್ದ ಮೇಲೆ ಬೇಗ ಬದಲಿಸೋದೇ ಮುಖಕ್ಕೆ ಕ್ಷೇಮ. ಒಂದು ಕಾರ್ಟ್ರಿಜ್ಜಿಗೆ ಮೂರಂಕಿ ದುಡ್ಡು ಕೊಟ್ಟವನು ಬದಲಿಸಲ್ಲ, ಇನ್ನೊಂದು ವಾರ ಎಳೀತಾನೆ, ಉರಿ ಅನುಭವಿಸ್ತಾನೆ. ಚಿಲ್ಲರೆ ಕಾಸಿನ ಬ್ಲೇಡಿನವನು ನಾಲ್ಕೈದು ಸಲ ಬಳಸಿ ಯೋಚನೆ ಮಾಡದೆ ತೆಗೀತಾನೆ. ಇಲ್ಲಿ ಅಗ್ಗ ಅನ್ನೋದೇ ಒಂದು ಸೌಕರ್ಯ.

ಇದಕ್ಕೆ ಪುರಾವೆ ಬೇಕಿದ್ದರೆ ಯಾವುದಾದರೂ ಕಟಿಂಗ್ ಶಾಪಿನಲ್ಲಿ ಕೂತು ನೋಡಿ. ಅಲ್ಲಿನವರು ಇದೇ ಬ್ಲೇಡನ್ನು ಕಾಗದದ ಸಮೇತ ಉದ್ದಕ್ಕೆ ಎರಡಾಗಿ ಮುರೀತಾರೆ, ಅರ್ಧವನ್ನು ಕತ್ತಿಗೆ ಸಿಕ್ಕಿಸ್ತಾರೆ, ನಿಮ್ಮ ಕಣ್ಣೆದುರೇ. ಒಬ್ಬರಿಗೆ ಹಾಕಿದ್ದು ಇನ್ನೊಬ್ಬರಿಗಿಲ್ಲ. ಒಂದೇ ಕತ್ತಿಯನ್ನು ಊರಿಗೆಲ್ಲ ಆಡಿಸುವುದರಿಂದ ರಕ್ತದ ಮೂಲಕ ರೋಗ ಹರಡುವ ಭಯ ಇತ್ತಲ್ಲ, ಅದಕ್ಕೆ ಸಿಕ್ಕ ಪರಿಹಾರ ಈ ಅರ್ಧ ಬ್ಲೇಡು. ಬ್ಲೇಡಿನ ಆಕಾರ ಒಂದು ಕಂಪನಿಯ ಗುತ್ತಿಗೆಯಾಗಿದ್ದಿದ್ದರೆ ಒಂದು ಶೇವಿಂಗಿನ ಬೆಲೆಯಲ್ಲಿ ಇದು ನಡೀತಿರಲಿಲ್ಲ.

ಇನ್ನು ಆ ಮರದ ಪೆಟ್ಟಿಗೆಗೆ ಬರೋಣ. ರೇಜರ್ ಭಾರವಾಗಿದ್ದರೆ ಒಳ್ಳೇದು, ನಿಜ. ಹಿಡಿಕೆಯ ತೂಕವೇ ಕೆಲಸ ಮಾಡಬೇಕು, ನೀವು ಒತ್ತಬಾರದು. ಚರ್ಮಕ್ಕೆ ಸುಮಾರು ಮೂವತ್ತು ಡಿಗ್ರಿ ಕೋನ, ಗಿಡ್ಡ ಗಿಡ್ಡ ಎಳೆತ, ಕೂದಲು ಬೆಳೆದ ದಿಕ್ಕಿನಲ್ಲೇ. ಅಷ್ಟು ಕಲಿತರೆ ಐನೂರು ರೂಪಾಯಿಯ ಹಿಡಿಕೆಯೂ ಐದು ಸಾವಿರದ್ದೂ ಒಂದೇ ಕೆಲಸ ಮಾಡುತ್ತೆ. ಬ್ರಷ್ಷಿನ ವಿಷಯದಲ್ಲಿ ನಾನು ಕಟು. ದುಬಾರಿ ಬ್ರಷ್ಷಿಗೆ ಬ್ಯಾಜರ್ ಅನ್ನೋ ಬಿಲವಾಸಿ ಪ್ರಾಣಿಯ ಕೂದಲು ಹಾಕ್ತಾರೆ. ಸಿಂಥೆಟಿಕ್ ಎಳೆಯ ಬ್ರಷ್ಷು ಬೇಗ ಒಣಗುತ್ತೆ, ನೊರೆ ಚೆನ್ನಾಗಿ ಎಬ್ಬಿಸುತ್ತೆ, ಯಾವ ಪ್ರಾಣಿಯೂ ಸಾಯಬೇಕಿಲ್ಲ. ಪ್ರೀ-ಶೇವ್ ಎಣ್ಣೆ ದಂಡ. ಸ್ನಾನ ಆದಮೇಲೆ ಶೇವ್ ಮಾಡಿ, ಬೆಚ್ಚಗಿನ ನೀರಲ್ಲಿ ಎರಡು ಮೂರು ನಿಮಿಷ ನೆಂದ ಕೂದಲು ಮೆತ್ತಗಾಗಿರುತ್ತೆ. ಕೊನೆಗೆ ಒಂದು ಪಟಿಕದ ತುಂಡು ಸಾಕು.

ಸೋಪಿನ ವಿಷಯ ಸ್ವಲ್ಪ ನಿಲ್ಲಿಸಿ ಹೇಳಬೇಕು, ಯಾಕೆಂದರೆ ಬೆಂಗಳೂರಿನಲ್ಲಿ ಈ ಪೆಟ್ಟಿಗೆ ಸೋಲೋದೇ ಇಲ್ಲಿ. ಪಾಶ್ಚಾತ್ಯ ವಿಡಿಯೊಗಳಲ್ಲಿ ಬ್ರಷ್ಷು ಎರಡು ಸುತ್ತು ತಿರುಗಿಸಿದರೆ ಮೊಸರಿನಂಥ ನೊರೆ. ಇಲ್ಲಿ ಬೋರ್‌ವೆಲ್ ನೀರಿನ ಅಪಾರ್ಟ್‌ಮೆಂಟಿನಲ್ಲಿ ಹತ್ತು ನಿಮಿಷ ಕಡೆದರೂ ಬಿಳಿ ಜಿಗುಟು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಕೂಡಿ ಕರಗದ ಕಸರಾಗುತ್ತೆ. ನೊರೆಯಾಗಬೇಕಾದ ಸೋಪೆಲ್ಲ ಅದರಲ್ಲೇ ಖರ್ಚು. ಲಂಡನ್ನಿನ ಸೋಪು ತಂದರೂ ಅದೇ ಗತಿ. ಅದರ ಬದಲು ಕುಡಿಯುವ ಫಿಲ್ಟರ್ ನೀರು ಒಂದು ಲೋಟ ಬೆಚ್ಚಗೆ ಮಾಡಿ ನೊರೆಗಷ್ಟೇ ಬಳಸಿ, ಮೂವತ್ತು ರೂಪಾಯಿಯ ಸೋಪೂ ಏಳುತ್ತೆ. ಅಂದಹಾಗೆ ಆ ವಿದೇಶಿ ಡಬ್ಬಿಗಳಲ್ಲಿ ತುಂಬ ಹೆಸರು ಮಾಡಿದ ಪರಿಮಳ ಸ್ಯಾಂಡಲ್‌ವುಡ್. ಮೈಸೂರಿನಲ್ಲಿ 1916ರಿಂದ ಗಂಧದೆಣ್ಣೆ ತೆಗೆಯುತ್ತಿರುವ ನಾವು, ಅದನ್ನು ಇಂಗ್ಲಿಷ್ ಜಂಟಲ್‌ಮನ್ನರ ಪರಿಮಳ ಅಂತ ವಾಪಸ್ ಕೊಳ್ತಿದ್ದೀವಿ.

ಇಷ್ಟು ಹೇಳಿದ ಮೇಲೆ ಎದುರು ವಾದ ಒಂದಿದೆ, ಅದನ್ನು ದಾಟಿ ಹೋಗೋದು ನ್ಯಾಯವಲ್ಲ. ಅದನ್ನು ಮಾಡಿದ್ದು ಜಿಲೆಟ್ ಕಂಪನಿಯೇ. 2002ರಲ್ಲಿ ಭಾರತಕ್ಕೆ ಅಂತ ಅವರು ವೆಕ್ಟರ್ ಎಂಬ ರೇಜರ್ ತಂದರು. ಬಾಸ್ಟನ್ ಹತ್ತಿರ ಎಂಐಟಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಕೈಗೆ ಕೊಟ್ಟು ಪರೀಕ್ಷೆ ಮಾಡಿದ್ದರು. ಚೆನ್ನಾಗಿದೆ ಅಂದಿದ್ದರು ಹುಡುಗರು. ಇಲ್ಲಿ ಸೋತಿತು, ಕೂದಲು ಸಿಕ್ಕಿಕೊಳ್ಳುತ್ತಿತ್ತು. ಆ ವಿದ್ಯಾರ್ಥಿಗಳಿಗೆ ನಲ್ಲಿಯಲ್ಲಿ ಧಾರೆಯಾಗಿ ನೀರಿತ್ತು. ಇಲ್ಲಿನ ಎಷ್ಟೋ ಗಂಡಸರು ನೆಲದ ಮೇಲೆ ಕೂತು, ಒಂದು ಲೋಟ ನೀರು, ಅಂಗೈಯಗಲದ ಕನ್ನಡಿ, ಮಬ್ಬು ಬೆಳಕಿನಲ್ಲಿ ಬೋಳಿಸಿಕೊಳ್ಳುತ್ತಿದ್ದರು. ಆಮೇಲೆ ಕಂಪನಿಯವರು ಮನೆಮನೆಗೆ ಬಂದು ಕೂತು ನೋಡಿ 2010ರಲ್ಲಿ ಜಿಲೆಟ್ ಗಾರ್ಡ್ ತಂದರು. ಒಂದೇ ಬ್ಲೇಡು, ತೊಳೆಯೋಕೆ ಸುಲಭ, ಕೊಯ್ಯದ ಹಾಗೆ ಮುಂದೆ ಬಾಚಣಿಗೆಯಂಥ ತಡೆ. ರೇಜರ್ 15 ರೂಪಾಯಿ, ಕಾರ್ಟ್ರಿಜ್ 5 ರೂಪಾಯಿ.

ಅಜ್ಜನ ಕಥೆ ಹೇಳುವವರು ಇದಕ್ಕೆ ಉತ್ತರ ಕೊಡಬೇಕು. ಗಾರ್ಡ್ ಕೊಂಡವರು ಯಾರು? ಅಜ್ಜನ ರೇಜರನ್ನೇ ದಿನಾ ಬಳಸುತ್ತಿದ್ದವರು. ಮಬ್ಬು ಬೆಳಕಲ್ಲಿ ಗದ್ದ ಕೊಯ್ದುಕೊಂಡು ಸಾಕಾಗಿದ್ದವರು. ಅವರಿಗೆ ಅದು ಧ್ಯಾನವಾಗಿರಲಿಲ್ಲ, ರಕ್ತ ಬರುವ ಬೇಸರದ ಕೆಲಸವಾಗಿತ್ತು. ಒಳ್ಳೆ ಬೆಳಕು, ದೊಡ್ಡ ಕನ್ನಡಿ, ಗೀಸರ್ ನೀರು, ಹತ್ತು ನಿಮಿಷ ಬಿಡುವು ಇದ್ದವನಿಗೆ ಮಾತ್ರ ಡಬಲ್ ಎಡ್ಜ್ ಸುಖ. ನನ್ನ ಮಟ್ಟಿಗೆ ಕಾರ್ಟ್ರಿಜ್ಜುಗಳಲ್ಲಿ ಪ್ರಾಮಾಣಿಕ ಅನ್ನಬಹುದಾದ ವಿನ್ಯಾಸ ಗಾರ್ಡ್ ಒಂದೇ, ಬಳಸುವವನನ್ನು ನೋಡಿ ಮಾಡಿದ್ದು. ಅದರ ಕೊಕ್ಕೆ ಮಾತ್ರ ಹಳೇ ಕೊಕ್ಕೆಯೇ. ಆ ಐದು ರೂಪಾಯಿಯ ತುಂಡನ್ನು ಇನ್ನೊಬ್ಬರು ಮೂರು ರೂಪಾಯಿಗೆ ಮಾಡಿ ಅದೇ ಹಿಡಿಕೆಗೆ ಮಾರುವ ಹಾಗಿದ್ದಿದ್ದರೆ ನಾನು ಈ ಲೇಖನವನ್ನು ಗಾರ್ಡ್ ಪರವಾಗಿಯೇ ಬರೀತಿದ್ದೆ.

ಡಬಲ್ ಎಡ್ಜ್ ಕೊಳ್ಳುವವರು ಇನ್ನೊಂದು ಸಾಮಾನು ಇಟ್ಟುಕೊಳ್ಳಬೇಕು, ಅದು ಯಾವ ಪೆಟ್ಟಿಗೆಯಲ್ಲೂ ಬಂದದ್ದು ನಾನು ನೋಡಿಲ್ಲ. ಅಮೆರಿಕದ ಹಳೇ ಮನೆಗಳಲ್ಲಿ ಬಚ್ಚಲುಮನೆಯ ಕಪಾಟಿನ ಹಿಂದೆ ಒಂದು ಸೀಳು ಇರುತ್ತಿತ್ತು. ಬಳಸಿದ ಬ್ಲೇಡನ್ನು ಅದರೊಳಗೆ ತಳ್ಳಿದರೆ ಗೋಡೆಯ ಒಳಗೆ ಬೀಳೋದು, ಅಲ್ಲೇ ಇರೋದು. ಇವತ್ತು ಅಂಥ ಗೋಡೆ ಒಡೆದವರ ಕಾಲಬುಡಕ್ಕೆ ತುಕ್ಕು ಹಿಡಿದ ಬ್ಲೇಡುಗಳ ರಾಶಿ ಸುರಿಯುತ್ತೆ. ನಮ್ಮಲ್ಲಿ ಅದು ಒಣಕಸದ ಚೀಲಕ್ಕೆ ಹೋಗುತ್ತೆ, ಬೆಳಗ್ಗೆ ಏಳಕ್ಕೆ ಪೌರಕಾರ್ಮಿಕರೊಬ್ಬರು ಆ ಚೀಲಕ್ಕೆ ಕೈ ಹಾಕಿ ವಿಂಗಡಿಸ್ತಾರೆ, ಎಷ್ಟೋ ಸಲ ಗ್ಲೌಸ್ ಇಲ್ಲದೆ. ಖಾಲಿಯಾದ ಕಾಫಿಪುಡಿ ಟಿನ್ನಿನ ಮುಚ್ಚಳದಲ್ಲಿ ಒಂದು ಸೀಳು ಮಾಡಿಸಿ ಬಚ್ಚಲಲ್ಲಿಡಿ. ವಾರಕ್ಕೊಂದು ಬ್ಲೇಡು ಅಂದರೂ ತುಂಬೋಕೆ ವರ್ಷಗಳೇ ಬೇಕು. ತುಂಬಿದ ದಿನ ಸುತ್ತ ಟೇಪ್ ಬಿಗಿದು, ಮೇಲೆ ಕನ್ನಡದಲ್ಲಿ 'ಬ್ಲೇಡು' ಅಂತ ದೊಡ್ಡದಾಗಿ ಬರೆದು, ಕಸದ ಗಾಡಿಯವರ ಕೈಗೇ ಕೊಡಿ.