ಕೊರಿಯಾದ ಕೆಂಡಕ್ಕೆ ಶಿರಾದ ಕುರಿ

ಬುಲ್ಗೋಗಿ ಅಂದರೆ ದನದ ಬಾಡು. ತೆಳ್ಳಗೆ ಕೊಯ್ದು, ಸೋಯಾ ಸಾಸ್, ಸಕ್ಕರೆ, ಬೆಳ್ಳುಳ್ಳಿಯಲ್ಲಿ ನೆನೆಹಾಕಿ, ಊಟಕ್ಕೆ ಕೂತವರ ಎದುರಿಗೇ ಕೆಂಡದ ಮೇಲೆ ಸುಡುವುದು. ಪಕ್ಕೆಲುಬಿನಲ್ಲಿ ಮಾಡಿದರೆ ಅದು ಗಾಲ್ಬಿ. ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿ ನೋಡುವ ಮಕ್ಕಳಿರುವ ಮನೆಗಳಲ್ಲಿ ಈಗ ಈ ಊಟದ ಮಾತು ಬಂದೇ ಬರುತ್ತದೆ. ತುಮಕೂರಿನಲ್ಲಿ ಇದನ್ನು ಮನೆಯಲ್ಲೇ ಮಾಡಬಹುದಾ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಧಾರಾಳವಾಗಿ ಮಾಡಬಹುದು, ಆದರೆ ಕುರಿ ಬಾಡಿನಲ್ಲಿ.

ಯಾಕೆ ಕುರಿ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. 2021ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಹಸು, ಎತ್ತು, ಹೋರಿ, ಕರು ಯಾವುದನ್ನೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ, ಅದೂ ಅಧಿಕಾರಿಯ ಪ್ರಮಾಣಪತ್ರ ಇದ್ದರೆ. ಅಷ್ಟು ಮುದಿಯಾದ ಪ್ರಾಣಿಯ ಬಾಡು ಹೊತ್ತುಗಟ್ಟಲೆ ಕುದಿಸುವ ಸಾರಿಗೆ ಆದೀತು, ಎರಡು ನಿಮಿಷ ಕೆಂಡ ಕಂಡು ತಟ್ಟೆಗೆ ಬರುವ ಅಡುಗೆಗೆ ಆಗದು.

ಕೊರಿಯಾದವರಿಗೂ ಈ ಊಟ ಸಲೀಸಾಗಿ ದಕ್ಕಿದ್ದಲ್ಲ. 1392ರಿಂದ ಐದು ಶತಮಾನ ಆಳಿದ ಜೊಸೊನ್ ದೊರೆಗಳು, ಉಳುವ ಎತ್ತುಗಳು ಉಳಿಯಬೇಕೆಂದು ದನ ಕಡಿಯುವುದನ್ನು ಮತ್ತೆ ಮತ್ತೆ ನಿಷೇಧಿಸಿದರು. ಜನ ಮಾತ್ರ ರುಚಿ ಬಿಡಲಿಲ್ಲ. ಹಾಂಗ್ ಸೊಕ್‌ಮೊ ಎಂಬ ವಿದ್ವಾಂಸರು 1849ರಲ್ಲಿ ತಮ್ಮ ನಾಡಿನ ಹಬ್ಬಹರಿದಿನಗಳ ಬಗ್ಗೆ ‘ದೊಂಗುಕ್ ಸೆಶಿಗಿ’ ಎಂಬ ಪುಸ್ತಕ ಬರೆದರು. ಚಾಂದ್ರಮಾನದ ಹತ್ತನೇ ತಿಂಗಳಲ್ಲಿ ಸೋಲ್ ಪಟ್ಟಣದವರು ಅಗ್ಗಿಷ್ಟಿಕೆಗೆ ಇದ್ದಿಲು ತುಂಬಿ, ಮೇಲೆ ಕಬ್ಬಿಣದ ಬಾಣಲೆ ಇಟ್ಟು, ಎಣ್ಣೆ, ಸೋಯಾ, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಹಚ್ಚಿದ ಬಾಡನ್ನು ಸುಟ್ಟು, ಸುತ್ತ ಕೂತು ತಿನ್ನುತ್ತಿದ್ದರೆಂದು ಅದರಲ್ಲಿದೆ. ಚಳಿ ಕಾಲಿಡುವ ತಿಂಗಳು ಅದು. ನನಗೆ ಇಡೀ ಊಟದ ಜೀವ ಕಾಣುವುದು ಆ ಸುತ್ತ ಕೂರುವುದರಲ್ಲಿ. ಬಾಡು ಯಾವುದೇ ಇರಲಿ, ತೆಳುವಾಗಿ ಕೊಯ್ದಿರಬೇಕು, ಬೆಂಕಿ ಎದುರಿಗಿರಬೇಕು, ಸುತ್ತ ಹತ್ತು ಬಗೆ ಸೊಪ್ಪು ತರಕಾರಿ ಇರಬೇಕು. ಕುರಿ ಬಾಡನ್ನು ಹೀಗೆ ಸುಡುವುದು ಹೊಸದೇನಲ್ಲ. ಜಪಾನಿನ ಹೊಕ್ಕೈಡೊದಲ್ಲಿ ನಡು ಉಬ್ಬಿದ ಕಬ್ಬಿಣದ ಬಾಣಲೆಯ ಮೇಲೆ ಕುರಿ ಬಾಡು ಸುಡುವ ‘ಜಿಂಗಿಸುಕಾನ್’ ಅಲ್ಲಿನವರ ಹೆಮ್ಮೆಯ ಊಟ. ಶಿರಾ, ಪಾವಗಡದಂಥ ಕುರಿಯ ಸೀಮೆ ಬೆನ್ನಿಗಿರುವ ನಾವು ಹಿಂಜರಿಯಬೇಕಾದ್ದೇ ಇಲ್ಲ.

ಇನ್ನು ಅಂಗಡಿಗೆ ಹೋಗೋಣ. ಭಾನುವಾರ ಬೆಳಿಗ್ಗೆ ಮಟನ್ ಅಂಗಡಿ ಮುಂದೆ ಜನ ನಿಂತಿರುತ್ತಾರೆ, ಕತ್ತಿ ಒಂದೇ ಸಮ ಬೀಳುತ್ತಿರುತ್ತದೆ, ಆ ಗಲಾಟೆಯಲ್ಲಿ ನಿಮ್ಮ ಮಾತು ಯಾರಿಗೂ ಕೇಳಿಸದು. ಶನಿವಾರ ಸಂಜೆ ಹೋಗಿ.

“ಅಣ್ಣಾ, ಹಿಂದಿನ ತೊಡೆ ಬೇಕಿತ್ತು.”

“ಸಾರಿಗಾ ಸಾರ್, ಬಿರಿಯಾನಿಗಾ?”

“ಎರಡಕ್ಕೂ ಅಲ್ಲ, ಪೀಸ್ ಮಾಡಬೇಡಿ. ಇಡಿಯಾಗಿ ಕೊಡಿ, ಮೂಳೆ ಮಾತ್ರ ಬಿಡಿಸಿ.”

ನಮ್ಮ ಕಟುಕರ ಕೈ ಮೂಳೆ ಸಮೇತ ತುಂಡರಿಸಿ ಪಳಗಿದ ಕೈ. ಸಾರಿಗೆ ಅದೇ ಸರಿ. ಇಡೀ ತೊಡೆಯಿಂದ ಮೂಳೆ ಬಿಡಿಸಲು ಅವರಿಗೂ ಹೊತ್ತು ಹಿಡಿಯುತ್ತದೆ, ಅದಕ್ಕೇ ಶನಿವಾರ ಅಂದದ್ದು. ಮೂಳೆಯನ್ನು ಬಿಟ್ಟುಬರಬೇಡಿ, ಕೊನೆಗೆ ಅದಕ್ಕೂ ಕೆಲಸವಿದೆ. ಕುರಿಯ ಪ್ರಾಯವನ್ನೂ ಕೇಳಿ. ಹಾಲು ಹಲ್ಲಿನ ಮರಿಯಾದರೆ ಬಾಡು ಮೆತ್ತಗಿದ್ದರೂ ರುಚಿ ತೆಳು. ಎರಡು ಹಲ್ಲು ಹಾಕಿದ್ದು, ಅಂದರೆ ವರ್ಷ, ವರ್ಷ ಕಾಲು ತುಂಬಿದ್ದು, ಈ ಅಡುಗೆಗೆ ಹೇಳಿ ಮಾಡಿಸಿದ್ದು. ಬಲಿತ ಟಗರು ಬೇಡ.

ಈಗ ಹೇಳುವುದನ್ನು ದಯವಿಟ್ಟು ಕಡೆಗಣಿಸಬೇಡಿ: ತಂದ ದಿನವೇ ಸುಡಬಾರದು. ನಮ್ಮಲ್ಲಿ ಬೆಳಿಗ್ಗೆ ಕಡಿದದ್ದು ಮಧ್ಯಾಹ್ನಕ್ಕೆ ಕುಕ್ಕರಿನಲ್ಲಿರುತ್ತದೆ. ಪ್ರಾಣ ಹೋದ ಕೆಲವೇ ಗಂಟೆಗಳಲ್ಲಿ ಸ್ನಾಯು ಸೆಟೆದುಕೊಳ್ಳುತ್ತದೆ. ಕುಕ್ಕರಿನ ಶಾಖ ಆ ಬಿಗಿಯನ್ನು ಮುರಿಯುತ್ತದೆ, ಆದ್ದರಿಂದ ಸಾರಿನಲ್ಲಿ ನಮಗೆ ಗೊತ್ತಾಗುವುದಿಲ್ಲ. ಕೆಂಡದ ಮೇಲೆ ಎರಡು ನಿಮಿಷದಲ್ಲಿ ಆ ಬಿಗಿ ಹಾಗೇ ಉಳಿದು, ಜಗಿದಷ್ಟೂ ರಬ್ಬರು. ಒಂದು ಪೂರ್ತಿ ದಿನ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ತಟ್ಟೆಯ ಮೇಲೆ, ಸಡಿಲವಾಗಿ ಮುಚ್ಚಿಟ್ಟರೆ ಬಾಡಿನೊಳಗಿನ ಕಿಣ್ವಗಳೇ ಎಳೆಗಳನ್ನು ಸಡಿಲ ಮಾಡುತ್ತವೆ. ತುಮಕೂರಿನ ಮಟನ್ ಸುಡಲು ಗಟ್ಟಿ ಅಂತ ದೂರುವವರು ಈ ಒಂದು ದಿನ ಕೊಟ್ಟು ನೋಡಲಿ. ಮಸಾಲೆಗಿಂತ, ಬೆಂಕಿಗಿಂತ ಇದೇ ದೊಡ್ಡದು.

ಮಾರನೇ ದಿನ ಆ ತುಂಡನ್ನು ಫ್ರೀಜರಿನಲ್ಲಿ ಮುಕ್ಕಾಲು ಗಂಟೆ ಇಡಿ. ಪೂರ್ತಿ ಕಲ್ಲಾಗಬಾರದು, ಬೆರಳಿನಿಂದ ಒತ್ತಿದರೆ ಮೇಲೆ ಗಟ್ಟಿ, ಒಳಗೆ ಸ್ವಲ್ಪ ಬಗ್ಗಬೇಕು. ಆಗ ಚೂರಿ ಜಾರದೆ ಇಳಿಯುತ್ತದೆ. ಬಾಡಿನ ಎಳೆ ಎತ್ತ ಓಡಿದೆ ಅಂತ ನೋಡಿಕೊಂಡು ಅದಕ್ಕೆ ಅಡ್ಡವಾಗಿ ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಕೊಯ್ಯಿರಿ. ಎಳೆಯ ಉದ್ದಕ್ಕೆ ಕೊಯ್ದರೆ ಹಿಂದಿನ ದಿನದ ಕಾಯುವಿಕೆ ನೀರಲ್ಲಿ ಹೋಮ. ಮೇಲಿನ ಬಿಳಿ ಪೊರೆಯನ್ನು ತೆಗೆಯಿರಿ, ಕೊಬ್ಬನ್ನು ಪೂರ್ತಿ ತೆಗೆಯಬೇಡಿ.

ನೆನೆಹಾಕುವ ರಸಕ್ಕೆ ಅರ್ಧ ಕೆ.ಜಿ. ಬಾಡಿಗೆ ನಾಲ್ಕು ದೊಡ್ಡ ಚಮಚ ಸೋಯಾ ಸಾಸ್, ಎರಡು ಚಮಚ ಸಕ್ಕರೆ, ಏಳೆಂಟು ಎಸಳು ಜಜ್ಜಿದ ಬೆಳ್ಳುಳ್ಳಿ, ಹೆಚ್ಚಿದ ಈರುಳ್ಳಿ ಹೂವು, ಒಂದು ಚಮಚ ಎಳ್ಳೆಣ್ಣೆ, ಧಾರಾಳವಾಗಿ ಕಾಳುಮೆಣಸಿನ ಪುಡಿ. ಕೊರಿಯಾದವರು ಇದಕ್ಕೆ ತಮ್ಮ ರಸಭರಿತ ಪೇರ್ ಹಣ್ಣು ತುರಿದು ಹಾಕುತ್ತಾರೆ. ಸಿಹಿಗೂ ಆಯಿತು, ಬಾಡು ಮೆತ್ತಗಾಗಲೂ ಆಯಿತು. ನಮ್ಮ ಮರಸೇಬು ಅರ್ಧ ತುರಿದರೆ ಸಾಕು. ಪರಂಗಿಕಾಯಿ ಹಾಕುವ ಆಸೆ ಬೇಡ. ಅದರ ಪಪೇನ್ ಬಲು ಜೋರು, ಇಷ್ಟು ತೆಳು ಬಾಡು ಹಿಟ್ಟಾಗಿಬಿಡುತ್ತದೆ. ಸೋಯಾ ಸಾಸನ್ನು ಮಾತ್ರ ನೋಡಿ ಕೊಳ್ಳಿ: ಬರೀ ಬಣ್ಣ, ಉಪ್ಪಿನ ಕಪ್ಪು ನೀರು ಬೇಡ, ಹುದುಗಿಸಿ ತಯಾರಿಸಿದ್ದೆಂದು ಚೀಟಿಯಲ್ಲಿ ಬರೆದದ್ದೇ ಬೇಕು. ಎಳ್ಳೆಣ್ಣೆಯಲ್ಲೂ ಒಂದು ವ್ಯತ್ಯಾಸವಿದೆ. ನಮ್ಮ ಗಾಣದ್ದು ಹಸಿ ಎಳ್ಳಿನದು, ಅವರದು ಹುರಿದ ಎಳ್ಳಿನದು. ಅದು ಸಿಗದಿದ್ದರೆ ಒಂದು ಹಿಡಿ ಎಳ್ಳನ್ನು ಘಮ್ಮೆನ್ನುವ ಹಾಗೆ ಹುರಿದು, ತರಿತರಿಯಾಗಿ ಕುಟ್ಟಿ ಸೇರಿಸಿ. ಒಂದು ಗಂಟೆ ನೆನೆದರೆ ಸಾಕು.

ಬಾಂಚಾನ್ ಅನ್ನುವ, ನೆಂಚಿಕೊಳ್ಳುವ ಚಿಕ್ಕ ಚಿಕ್ಕ ಬಟ್ಟಲುಗಳ ವಿಷಯಕ್ಕೆ ಬಂದರೆ ನಮ್ಮ ಸೀಮೆಯವರಿಗೆ ಕಲಿಯುವುದು ಕಡಿಮೆ, ನೆನಪು ಮಾಡಿಕೊಳ್ಳುವುದು ಹೆಚ್ಚು. ಕೊರಿಯಾದ ಹೆಂಗಸರು ಗುಡ್ಡಗಳಲ್ಲಿ ಸೊಪ್ಪು ಆಯ್ದು ತಂದು, ಬಿಸಿನೀರಿಗೆ ಹಾಕಿ ತೆಗೆದು, ಹಿಂಡಿ, ಎಳ್ಳೆಣ್ಣೆ ಬೆಳ್ಳುಳ್ಳಿಯಲ್ಲಿ ಕಲಸುತ್ತಾರೆ. ಕುಣಿಗಲ್, ಗುಬ್ಬಿ ಕಡೆ ರಾಗಿ ಹೊಲದಲ್ಲಿ ಬೆರಕೆ ಸೊಪ್ಪು ಕೀಳುವವರಿಗೆ ಇದರಲ್ಲಿ ಹೊಸದೇನಿದೆ? ಅಣ್ಣೆ, ಹೊನಗೊನ್ನೆ, ಕೀರೆ ಯಾವುದಾದರೂ ಆದೀತು. ಕುದಿಯುವ ಉಪ್ಪುನೀರಿನಲ್ಲಿ ಅರ್ಧ ನಿಮಿಷ, ತಣ್ಣೀರಿಗೆ ಹಾಕಿ ಬಲವಾಗಿ ಹಿಂಡಿ, ಬೆಳ್ಳುಳ್ಳಿ, ಉಪ್ಪು, ಆಮೇಲೆ ಹುಚ್ಚೆಳ್ಳು ಪುಡಿ. ಕೊರಿಯಾದವರು ಪೆರಿಲ್ಲಾ ಗಿಡದ ಬೀಜದ ಪುಡಿಯನ್ನು ಸೊಪ್ಪಿಗೆ ಹಾಕಿ ಕಲಸುವುದುಂಟು. ಆ ಮಂದ ಎಣ್ಣೆಯ ಘಮಕ್ಕೆ ಹುಚ್ಚೆಳ್ಳಿನಷ್ಟು ಹತ್ತಿರದ್ದು ಇನ್ನೊಂದಿಲ್ಲ. ನನ್ನ ಮಟ್ಟಿಗೆ ಈ ಊಟದಲ್ಲಿ ಬಾಡಿನಷ್ಟೇ ತೂಕ ಈ ಬಟ್ಟಲಿಗಿದೆ. ಪುಷ್ಯದಲ್ಲಿ ಮಾಡುವುದಾದರೆ ಹಿತಕಿದ ಬೇಳೆಯನ್ನು ಬೇಯಿಸಿ ಎಳ್ಳೆಣ್ಣೆ ಸವರಿದ ಒಂದು ಬಟ್ಟಲು ಇರಲಿ. ಮೊಳಕೆ ಹೆಸರುಕಾಳು ಎಲ್ಲ ಕಾಲಕ್ಕೂ ಇದ್ದೇ ಇದೆ.

ಹುದುಗಿಸಿದ ತರಕಾರಿ, ಅಂದರೆ ಕಿಮ್ಚಿ, ಇಲ್ಲದೆ ಬಾಂಚಾನ್ ಇಲ್ಲ. ಚಳಿಗಾಲಕ್ಕೆ ಮುಂಚೆ ಊರವರೆಲ್ಲ ಸೇರಿ ಕಿಮ್ಚಿ ಹಾಕುವ ಪದ್ಧತಿಯನ್ನು ಯುನೆಸ್ಕೊ 2013ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ. ಕೋಸಿನ ಕಿಮ್ಚಿಗಿಂತ ಮೂಲಂಗಿಯದ್ದು ನಮ್ಮ ಕೈಗೆ ಸುಲಭ. ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಮುಂಜಾನೆ ಸಿಗುವ ಎಳೆ ಮೂಲಂಗಿ ಒಂದು ಕೆ.ಜಿ. ತಂದು, ಗೋಲಿ ಗಾತ್ರಕ್ಕೆ ಹೆಚ್ಚಿ, 20 ಗ್ರಾಂ ಉಪ್ಪು ಹಾಕಿ ಒಂದು ಗಂಟೆ ಬಿಟ್ಟು, ಬಿಟ್ಟ ನೀರನ್ನು ಬಸಿಯಿರಿ. ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿ: ಬೀಜ ಉದುರಿಸಿ ತರಿಯಾಗಿ ಪುಡಿ ಮಾಡಿದರೆ ಬಣ್ಣ ಕಡುಗೆಂಪು, ಉರಿ ಹದ, ಕೊರಿಯಾದ ಪುಡಿಗೆ ಸರಿಸಾಟಿ. ಬೆಳ್ಳುಳ್ಳಿ, ಚೂರು ಶುಂಠಿ, ಚಿಟಿಕೆ ಸಕ್ಕರೆ, ಈರುಳ್ಳಿ ಹೂವು ಸೇರಿಸಿ ಕಲಸಿ ಜಾಡಿಗೆ ತುಂಬಿ. ಚಳಿಯಲ್ಲಿ ಎರಡು ದಿನ, ಬೇಸಿಗೆಯಲ್ಲಿ ಒಂದೇ ದಿನ ಹೊರಗಿಟ್ಟರೆ ಸಣ್ಣ ಗುಳ್ಳೆ ಏಳುತ್ತವೆ, ಹುಳಿ ಕೂತಿರುತ್ತದೆ. ಆಮೇಲೆ ಫ್ರಿಜ್ಜಿಗೆ.

ಗೊಚುಜಾಂಗ್, ದೆನ್‌ಜಾಂಗ್ ಎಂಬ ಹುದುಗಿಸಿದ ಸೋಯಾ ಗೊಜ್ಜುಗಳಿಗೆ ಮಾತ್ರ ಇಲ್ಲಿ ಬದಲಿಯಿಲ್ಲ, ಡಬ್ಬಿಯನ್ನೇ ತರಿಸಿ. ಎರಡು ಪಾಲು ದೆನ್‌ಜಾಂಗ್, ಒಂದು ಪಾಲು ಗೊಚುಜಾಂಗ್, ಬೆಳ್ಳುಳ್ಳಿ, ಎಳ್ಳೆಣ್ಣೆ ಕಲಸಿದರೆ ಎಲೆಗೆ ಹಚ್ಚುವ ಚಟ್ನಿ ಸಿದ್ಧ.

ಎಲೆಯೆಂದರೆ ಲೆಟ್ಯೂಸ್. ಅದರ ಮೇಲೆ ಅವರು ಪೆರಿಲ್ಲಾ ಎಲೆ ಇಡುತ್ತಾರೆ, ಬಾಡಿನ ಕೊಬ್ಬನ್ನು ಮುರಿಯುವ ಘಾಟಿಗೆ. ನಾನು ಇಡುವುದು ಎಳೆ ವೀಳ್ಯದೆಲೆಯ ಅರ್ಧ, ಗುಬ್ಬಿ ಕಡೆ ಅಡಿಕೆ ತೋಟಗಳಲ್ಲಿ ಹಬ್ಬಿಸುತ್ತಾರಲ್ಲ, ಆ ಬಳ್ಳಿಯ ಚಿಗುರೆಲೆ. ವಿಯೆಟ್ನಾಮಿನವರು ವೀಳ್ಯದ ದಾಯಾದಿಯಾದ ಲೊಲೊಟ್ ಎಲೆಯಲ್ಲಿ ಬಾಡು ಸುತ್ತಿ ಸುಡುವುದನ್ನು ನೋಡಿದರೆ ಈ ಜೋಡಿ ಎಷ್ಟು ಸಹಜ ಅಂತ ತಿಳಿಯುತ್ತದೆ. ಬಲಿತ ಎಲೆ ಇಟ್ಟರೆ ಖಾರ ಮೇಲಾಗಿ ಬಾಡಿನ ರುಚಿ ಮುಚ್ಚಿಹೋಗುತ್ತದೆ.

ಬೆಂಕಿಗೆ ಬರೋಣ. ತೆಂಗಿನ ಸೀಮೆಯವರಾಗಿ ನಾವು ಇದ್ದಿಲು ಕೊಳ್ಳಲು ಪೇಟೆ ಸುತ್ತುವುದು ನನಗೆ ಸರಿ ಕಾಣುವುದಿಲ್ಲ. ತಿಪಟೂರು, ಗುಬ್ಬಿ ಕಡೆ ಕೊಬ್ಬರಿ ಒಡೆದಲ್ಲೆಲ್ಲ ಕರಟದ ರಾಶಿ ಬಿದ್ದಿರುತ್ತದೆ. ಕರಟದ ಇದ್ದಿಲಿನ ಶಾಖ ಜೋರು, ಹೊಗೆ ಕಡಿಮೆ. ಹಸಿ ಕರಟಕ್ಕೇ ಬೆಂಕಿ ಹಚ್ಚಿದರೆ ಮಾತ್ರ ಜ್ವಾಲೆ ಪೂರ್ತಿ ಇಳಿದು, ಕೆಂಡದ ಮೇಲೆ ತೆಳು ಬಿಳಿ ಬೂದಿ ಕೂರುವ ತನಕ ತಾಳ್ಮೆ ಬೇಕು. ಜಾಲರಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಅಂಗೈ ಹಿಡಿದು ಮೂರು ಎಣಿಸುವಷ್ಟರಲ್ಲಿ ಕೈ ಹಿಂತೆಗೆಯುವ ಹಾಗಾದರೆ ಹದ ಬಂತು. ಅಗ್ಗಿಷ್ಟಿಕೆ ತಾರಸಿಯಲ್ಲೋ ಅಂಗಳದಲ್ಲೋ ಇರಬೇಕು. ಬಾಗಿಲು ಹಾಕಿದ ಕೋಣೆಯೊಳಗೆ ಕೆಂಡ ಇಡುವುದು ಪ್ರಾಣಕ್ಕೇ ಅಪಾಯ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಅಪಾರ್ಟ್‌ಮೆಂಟಿನವರಿಗೆ ಗ್ಯಾಸ್ ಒಲೆಯ ಮೇಲೆ ಹೊಗೆಯಾಡುವಷ್ಟು ಕಾದ ಕಬ್ಬಿಣದ ದೋಸೆ ಕಾವಲಿ ಸಾಕು.

ಬಾಡನ್ನು ಒಂದು ಸಲಕ್ಕೆ ಒಂದೇ ಹಿಡಿ ಹಾಕಿ. ರಾಶಿ ಹಾಕಿದರೆ ನೀರು ಬಿಟ್ಟುಕೊಂಡು ಬೇಯುತ್ತದೆ, ಸುಡುವುದಿಲ್ಲ. ಅಂಚು ಕಂದಾಗಿ ಸಕ್ಕರೆ ಸುಟ್ಟ ವಾಸನೆ ಬಂದ ಕೂಡಲೇ ಮಗುಚಿ, ಇನ್ನೊಂದು ಕ್ಷಣಕ್ಕೆ ಎತ್ತಿ. ಅಂಗೈಯಲ್ಲಿ ಎಲೆ, ಎಲೆಯ ಮೇಲೆ ಚೂರು ಅನ್ನ, ಬಾಡು, ಚಟ್ನಿ, ಕಿಮ್ಚಿ; ಮಡಿಸಿ ಒಂದೇ ತುತ್ತಿಗೆ ಬಾಯಿಗೆ. ಅನ್ನಕ್ಕೆ ಹಳೆ ಸೋನಾ ಮಸೂರಿ ಬೇಡ, ಅಂಟುವ ಹೊಸ ಅಕ್ಕಿ ತನ್ನಿ. ದನದ ಕೊಬ್ಬಿಗಿಂತ ಕುರಿ ಕೊಬ್ಬು ಬೇಗ ಹೆಪ್ಪುಗಟ್ಟಿ ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಒಳಗೆ ಸುಟ್ಟು ಹೊರಗೆ ಬಡಿಸುವ ಪದ್ಧತಿ ಈ ಊಟಕ್ಕೆ ಒಗ್ಗದು. ಅಡುಗೆ ಮಾಡಿದ ಅಮ್ಮನೋ ಅತ್ತಿಗೆಯೋ ಒಲೆ ಮುಂದೆ ನಿಂತೇ ಇರಬೇಕಾದ ಕಷ್ಟವೂ ಇದರಲ್ಲಿಲ್ಲ. ಇಕ್ಕಳ ಕೈಯಿಂದ ಕೈಗೆ ಹೋಗಲಿ, ಎಲ್ಲರೂ ಕೂತು ಉಣ್ಣಲಿ.

ಕೊರಿಯಾದವರು ಬಾಡು ಮುಗಿದ ಮೇಲೆ ದೆನ್‌ಜಾಂಗ್ ಹಾಕಿ ಕುದಿಸಿದ ಸಾರಿನಲ್ಲಿ ಅನ್ನ ಉಂಡೋ, ಇಲ್ಲವೇ ತಣ್ಣನೆಯ ಶಾವಿಗೆ ತಿಂದೋ ಏಳುತ್ತಾರೆ. ನಾವು ಆ ತೊಡೆಯ ಮೂಳೆಯ ಸಾರಿಗೆ ಚಿಕ್ಕದೊಂದು ರಾಗಿ ಮುದ್ದೆ ಇಟ್ಟುಕೊಳ್ಳೋಣ. ಬಾಡು ಸುಡುವಾಗ ಮುದ್ದೆ ಬೇಡ, ಮುದ್ದೆಗೆ ಸಾರೇ ಜೊತೆ.

ಒಂದು ಕೋರಿಕೆ. ಚಳಿಗಾಲದ ರಜೆಗಳಲ್ಲಿ ದೇವರಾಯನದುರ್ಗದ ದಾರಿಯಲ್ಲಿ, ನಾಮದ ಚಿಲುಮೆಯ ಆಸುಪಾಸಿನಲ್ಲಿ ಕಲ್ಲು ಜೋಡಿಸಿ ಒಲೆ ಹೂಡಿದ ಕರಿ ಗುರುತುಗಳು ಕಣ್ಣಿಗೆ ಬೀಳುತ್ತವೆ. ಅದು ರಕ್ಷಿತ ಅರಣ್ಯ. ಅಲ್ಲಿ ಬೆಂಕಿ ಹಚ್ಚುವುದು ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಸಂಕ್ರಾಂತಿ ಕಳೆದ ಮೇಲೆ ಬಾದೆ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು. ಜಯಮಂಗಲಿ, ಶಿಂಷಾ ನದಿಗಳೆರಡೂ ಹುಟ್ಟುವ ಬೆಟ್ಟ ಅದು. ಬೆಟ್ಟ ಹತ್ತಿ ಬನ್ನಿ, ಹಸಿದು ಮನೆಗೆ ಬನ್ನಿ, ಅಗ್ಗಿಷ್ಟಿಕೆಯನ್ನು ಮನೆಯಲ್ಲೇ ಹೊತ್ತಿಸಿ.