ಖಾಲಿ ಫ್ರೇಮಿನ ಮುಂದೆ ಸೆಲ್ಫಿ

ಬಾಸ್ಟನ್ನಿಗೆ ಆನ್‌ಸೈಟ್ ಹೋದವರ ಫೋಟೋಗಳಲ್ಲಿ ಇದೊಂದು ಇದ್ದೇ ಇರುತ್ತೆ: ಹಸಿರು ಗೋಡೆ, ಚಿನ್ನದ ಬಣ್ಣದ ಫ್ರೇಮು, ಒಳಗೆ ಏನೂ ಇಲ್ಲ. ಇಸಬೆಲ್ಲಾ ಸ್ಟೀವರ್ಟ್ ಗಾರ್ಡ್ನರ್ ಮ್ಯೂಸಿಯಂ. 1903ರಲ್ಲಿ ಜನರಿಗೆ ತೆರೆದ ಮನೆ; ಯಜಮಾನಿ ಮೇಲಿನ ಮಹಡಿಯಲ್ಲೇ ವಾಸವಿದ್ದರು. ಜೋಡಿಸಿದ್ದನ್ನ ಕದಲಿಸಬಾರದು ಅಂತ ಉಯಿಲನ್ನೂ ಬರೆದಿಟ್ಟರು. 1990ರ ಮಾರ್ಚ್ 18ರ ರಾತ್ರಿ ಪೊಲೀಸ್ ವೇಷದ ಇಬ್ಬರು 13 ಕೃತಿಗಳನ್ನು ಹೊತ್ತೊಯ್ದರು. ಫ್ರೇಮುಗಳು ಅಲ್ಲಲ್ಲೇ ಉಳಿದವು.

ಎಲ್ಲರ ಮೊಬೈಲೂ ರೆಂಬ್ರಾಂಟ್‌ನ ಬಿರುಗಾಳಿ ಚಿತ್ರವಿದ್ದ ಫ್ರೇಮಿನ ಕಡೆಗೇ. ನನ್ನ ತಕರಾರು ಅದೇ ಕೋಣೆಯ ಕಿಟಕಿ ಬಳಿ, ಮೇಜಿನ ಮೇಲಿದ್ದ ಪುಟ್ಟ ಭೂದೃಶ್ಯದ ಬಗ್ಗೆ. ಓಕ್ ಹಲಗೆಯ ಮೇಲೆ 1638ರಲ್ಲಿ ಬರೆದದ್ದು: ಕವಿದ ಮೋಡ, ಹಳೇ ಮರ, ದೂರದಲ್ಲೊಂದು ಕಲ್ಲಿನ ಸ್ತಂಭ. ಗಾರ್ಡ್ನರ್ ಇದನ್ನ ಕೊಂಡಿದ್ದು ರೆಂಬ್ರಾಂಟ್ ಅಂತ. 1980ರ ದಶಕದಲ್ಲಿ ವಿದ್ವಾಂಸರು, ಅಲ್ಲ ಸ್ವಾಮಿ, ಇದು ಅವನ ಶಿಷ್ಯ ಹೋವರ್ಟ್ ಫ್ಲಿಂಕ್‌ನದು ಅಂದರು. ಚಿತ್ರದಲ್ಲಿ ಒಂದು ಎಲೆಯೂ ಅಲ್ಲಾಡಲಿಲ್ಲ, ದರ್ಜೆ ಮಾತ್ರ ಇಳೀತು. ಕಳ್ಳರು ಹಳೇ ಹೆಸರು ನಂಬಿಯೇ ಎತ್ತಿಕೊಂಡರೋ ಏನೋ!

ಖಾಲಿ ಫ್ರೇಮು ಇಡೋದು ಉಯಿಲಿಗೆ ನಿಷ್ಠೆ, ಸರಿ. ಆದರೆ ಅದು ನೋಡಿಸ್ತಿರೋದು ಕಳ್ಳತನವನ್ನ, ಚಿತ್ರವನ್ನಲ್ಲ. ಮಾಹಿತಿಗೆ ಒಂದು ಕೋಟಿ ಡಾಲರ್ ಬಹುಮಾನ ಅಂತ ಎಲ್ಲರೂ ಬಾಯಿಪಾಠ ಒಪ್ಪಿಸ್ತಾರೆ. ಫ್ಲಿಂಕ್‌ನ ಮರ ಹೇಗಿತ್ತು ಅಂದರೆ ಸುಮ್ಮನಾಗ್ತಾರೆ. ಮ್ಯೂಸಿಯಂ ಜಾಲತಾಣದಲ್ಲಿ ಅದರ ಫೋಟೋ ಇದೆ. ಬಿರುಗಾಳಿಗೂ ಮುಂಚೆ ಒಂದ್ಸಲ ಅದನ್ನ ತೆಗೆದು, ಆ ಮೋಡದ ಕೆಳಗಿನ ಬೆಳಕನ್ನ ಝೂಮ್ ಮಾಡಿ ನೋಡಿ.